ಅಕ್ಕೋರ ಮನೆಯ ತಕ್ಕಡಿ

ನಾನು ಒಂದು ತಕ್ಕಡಿ. ಬೆಟಗೇರಿಯ ಕಮ್ಮಾರನೊಬ್ಬ ಕಬ್ಬಿಣ ಕಾಯಿಸಿ, ಬಡಿದು ನನಗೆ ಮೈ ಕೊಟ್ಟ. ಎರಡು ಹಿತ್ತಾಳೆ ತಟ್ಟೆಗಳನ್ನು ಸರಪಳಿಯಲ್ಲಿ ಇಳಿಬಿಟ್ಟ. ಹುಟ್ಟಿನಿಂದಲೇ ನನಗೆ ಯಾರ ಮುಲಾಜೂ ಇಲ್ಲ. ಮೊದಲು ಬೆಲ್ಲದ ಅಂಗಡಿಯಲ್ಲಿದ್ದೆ. ನೊಣಗಳ ಕಾಟ ಒಂದು ಕಡೆ, ತೂಗುವಾಗ ತಟ್ಟೆಗೆ ಮೆಲ್ಲಗೆ ತಗಲುವ ಸಾವಕಾರರ ಬೆರಳಿನ ಕಾಟ ಇನ್ನೊಂದು ಕಡೆ. ಕರೆಂಟಿನ ತಕ್ಕಡಿ ಬಂದ ದಿನವೇ ನನ್ನನ್ನು ಗೋಣಿಚೀಲಗಳ ಮೇಲೆ ಎಸೆದರು.

ಅಲ್ಲಿಂದ ನನ್ನನ್ನು ಕೇಳಿ ಒಯ್ದವರು ನೀಲಾಂಬಿಕಾ ಅಕ್ಕೋರು. ಪಕ್ಕದ ಓಣಿಯಲ್ಲಿ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು, ಗಣಿತವೊಂದನ್ನೇ. ಹುಣಸೆಹಣ್ಣು ಹಚ್ಚಿ ತಿಕ್ಕಿ, ನಡುಮನೆಯ ತೊಲೆಗೆ ತೂಗುಹಾಕಿದರು. ಅವರ ಪಾಠವೇ ಒಂದು ತರಹ. ಎಡ ತಟ್ಟೆಯಲ್ಲಿ ಬಾಯಿ ಕಟ್ಟಿದ ಪುಟ್ಟ ಚೀಲ, ಜೊತೆಗೆ ಮೂರು ಗೋಲಿ. ಬಲ ತಟ್ಟೆಯಲ್ಲಿ ಎಂಟು ಗೋಲಿ. ನಾನು ಸಮನಾಗಿ ನಿಲ್ಲುತ್ತಿದ್ದೆ. ‘ಚೀಲದಾಗ ಎಷ್ಟದಾವ?’ ಎಂದು ಕೇಳಿ ಸುಮ್ಮನೆ ಕೂತುಬಿಡುತ್ತಿದ್ದರು.

ನೇಕಾರ ಫಕೀರಪ್ಪನ ಮಗಳು ಕಸ್ತೂರಿಗೆ ಗಣಿತವೆಂದರೆ ಜ್ವರ. ಮೊದಲ ದಿನ ಎಡಗಡೆಯ ಮೂರು ಗೋಲಿ ತೆಗೆದಳು. ನಾನು ಬಲಕ್ಕೆ ವಾಲಿದೆ. ಬೆಚ್ಚಿದಳು. ತುಸು ಯೋಚಿಸಿ ಬಲಗಡೆಯೂ ಮೂರು ತೆಗೆದಳು. ನಾನು ನೆಟ್ಟಗಾದೆ.

‘ಐದು, ಅಕ್ಕೋರ. ಎರಡೂ ಕಡೆ ಸಮ ತಗೀಬೇಕು, ಇಲ್ಲಾಂದ್ರ ತಕ್ಕಡಿ ಒಪ್ಪಂಗಿಲ್ಲ.’

ಅಂಗಡಿಯಲ್ಲಿ ಎಲ್ಲರೂ ಬೆಲ್ಲವನ್ನೇ ನೋಡುತ್ತಿದ್ದರು. ನನ್ನನ್ನು ನೋಡಿದವಳು ಇವಳೇ ಮೊದಲು. ಹಿಗ್ಗಿಹೋದೆ.

‘ಲೆಕ್ಕ ತಿಳೀಲಿಲ್ಲಂದ್ರ ತಕ್ಕಡಿ ಬರಕೊಂಡು ನೋಡು’ ಎಂದು ಅಕ್ಕೋರು ಹೇಳಿಕೊಟ್ಟಿದ್ದರು. ಶಾಲೆಯ ಪರೀಕ್ಷೆಯಲ್ಲಿ ಆ ಹುಚ್ಚು ಹುಡುಗಿ ಪ್ರತಿ ಲೆಕ್ಕಕ್ಕೂ ನನ್ನ ಚಿತ್ರ ಬರೆದಳು, ಸರಪಳಿಯ ಕೊಂಡಿ ಕೊಂಡಿಯನ್ನೂ ಬಿಡದೆ. ಮಾಡಿದ್ದೆಲ್ಲ ಸರಿಯಿತ್ತು. ಅರ್ಧ ಪತ್ರಿಕೆ ಮುಟ್ಟುವುದರೊಳಗೆ ಗಂಟೆ ಹೊಡೆಯಿತು. ‘ಇದು ಚಿತ್ರಕಲೆ ಪರೀಕ್ಷೆಯಲ್ಲ’ ಎಂದು ಮಾಸ್ತರರು ಕೆಂಪು ಶಾಯಿಯಲ್ಲಿ ಗೀಚಿದ್ದರು.

ಫಕೀರಪ್ಪ ಆ ಪತ್ರಿಕೆ ಹಿಡಿದುಕೊಂಡೇ ಬಂದ. ‘ಸಿಟ್ಟಿಗೇಳಬ್ಯಾಡ್ರಿ ಅಕ್ಕೋರ. ಟ್ಯೂಷನ್ ಸೆಂಟರಿನ್ಯಾಗ ಹುಡುಗೂರು ಚಿಟಿಕಿ ಹೊಡಿಯೋದ್ರಾಗ ಲೆಕ್ಕ ಬಿಡಸ್ತಾವ. ನಮ್ಮಾಕಿ ಇನ್ನೂ ಗೋಲಿ ಆಡ್ತಾಳ.’

‘ಒಂದ್ ವರ್ಷ ಬಿಡ್ರಿ ಇಲ್ಲೆ. ತಳ ಗಟ್ಟಿ ಆಗಲಿ.’

‘ತಳ ಯಾರ್ ನೋಡ್ತಾರ್ರಿ? ಮಾರ್ಕ್ಸ್ ನೋಡ್ತಾರ.’

ಕಸ್ತೂರಿ ನನ್ನ ಸರಪಳಿ ಹಿಡಿದು ನಿಂತಿದ್ದಳು. ಅಪ್ಪ ಕೈ ಎಳೆದ; ಬಿಟ್ಟು ಹೋದಳು. ಅವಳ ಹಿಂದೆ ಉಳಿದ ಮಕ್ಕಳೂ ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು.

ಮರುವರ್ಷ ಅವಳು ಪೇಡೆ ಹಿಡಿದು ಬಂದಳು. ನೂರಕ್ಕೆ ತೊಂಬತ್ತಾರು. ಅಕ್ಕೋರು ಸಂಭ್ರಮದಿಂದ ನನ್ನ ತಟ್ಟೆಗೆ ಚೀಲ, ಗೋಲಿ ಹಾಕಿ ಅದೇ ಪ್ರಶ್ನೆ ಕೇಳಿದರು. ಅವಳು ನನ್ನನ್ನು ಮುಟ್ಟಲೇ ಇಲ್ಲ.

‘ಮೂರು ಆ ಕಡೆ ಹೋದ್ರ ಮೈನಸ್ ಆಗ್ತದ್ರಿ. ಐದು.’

‘ಯಾಕ ಆಗ್ತದವಾ?’

‘ಯಾಕ ಅಂತಿಲ್ರಿ, ಹಂಗ ಆಗ್ತದ. ಯಾಕ ಅಂತ ಕೇಳಿದ್ರ ಟೈಮ್ ವೇಸ್ಟ್ ಅಂತಾರ ಟ್ಯೂಷನ್ ಸರ್.’

ಅಕ್ಕೋರ ಕೈಯಲ್ಲಿದ್ದ ಪೇಡೆ ಬಾಯಿಗೆ ಹೋಗಲಿಲ್ಲ. ಅವಳು ಹೋದ ಮೇಲೆ ನನ್ನನ್ನು ಬಿಚ್ಚಿ, ಗೋಣಿಯಲ್ಲಿ ಸುತ್ತಿ ಅಟ್ಟಕ್ಕೇರಿಸಿದರು.

ಇಲ್ಲಿ ನನ್ನ ಜೊತೆಗೆ ತೂತು ಕೊಡ, ಮುರಿದ ಮೊರ ಇವೆ. ಅವು ಕೆಟ್ಟು ಮೂಲೆ ಸೇರಿದವು. ನಾನು ಸರಿಯಿದ್ದೂ ಸೇರಿದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈಗ ಕೆಳಗೆ ಮತ್ತೆ ಮಕ್ಕಳು ಬರುತ್ತಾರೆ. ಇಂದು ಸಂಜೆ ಹೊಸ ಹುಡುಗಿಯೊಬ್ಬಳು ಕೇಳಿದಳು: ‘ಮೂರು ಆ ಕಡೆ ಹೋದ್ರ ಯಾಕ ಮೈನಸ್ ಆಗ್ತದ್ರಿ, ಅಕ್ಕೋರ?’

ಗೋಣಿಯೊಳಗೆ ನಾನು ಉಸಿರು ಬಿಗಿಹಿಡಿದೆ. ಅಕ್ಕೋರು ನೋಟ್‌ಬುಕ್ ಅವಳ ಮುಂದೆ ಸರಿಸಿದ ಸದ್ದು ಕೇಳಿಸಿತು.

‘ಯಾಕ ಅಂತ ಕೇಳಬ್ಯಾಡವಾ. ಹಂಗ ಆಗ್ತದ. ಬರಿ.’

ಹುಡುಗಿ ಬರೆದು, ‘ಐದು ಬಂತ್ರಿ’ ಅಂದಳು. ಉತ್ತರ ಸರಿಯಾಗಿಯೇ ಇತ್ತು.