ಗೋಡೆಗೆ ಒರಗಬೇಡಿ

"ಅಕ್ಕ, ಒಸಿ ಈ ಕಡೆ ಬನ್ನಿ. ಅಲ್ಲಿ ಇರುವೆ ಅವೆ," ಎಂದು ಲತಾಮಣಿ ಕೆಂಚಮ್ಮನ ರಟ್ಟೆ ಹಿಡಿದು ಎಳೆದಳು.

ಗೋಡೆಗೆ ಬೆನ್ನು ಕೊಟ್ಟು ಕುಳಿತಿದ್ದ ಕೆಂಚಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹಿಂದಕ್ಕೆ ತಿರುಗಿ ನೋಡಿದಳು. ಇರುವೆ ಕಾಣಲಿಲ್ಲ. ಆದರೂ ಗಂಡನನ್ನು ಕಳೆದುಕೊಂಡು ಒಂದು ದಿನವೂ ಆಗದ ಓರಗಿತ್ತಿಯ ಮಾತಿಗೆ ಎದುರಾಡದೆ ಮುಂದಕ್ಕೆ ಸರಿದಳು. ಅವಳು ಬಿಟ್ಟ ಜಾಗಕ್ಕೆ ತಿಪ್ಪಸಂದ್ರದಿಂದ ಬಂದಿದ್ದ ಇಬ್ಬರು ಹೆಂಗಸರು ಬಂದು ಅದೇ ಗೋಡೆಗೆ ಒರಗಿ ಕೂತರು.

ನಡುಮನೆಯಲ್ಲಿ ಚಾಪೆಯ ಮೇಲೆ ಲತಾಮಣಿಯ ಗಂಡ ನಟರಾಜುವನ್ನು ಮಲಗಿಸಿದ್ದರು. ಹಿಂದಿನ ದಿನ ಸಂಜೆ ಮಾಗಡಿಯಲ್ಲಿ ಸ್ಕೂಲ್ ವ್ಯಾನಿನಿಂದ ಕೊನೆಯ ಮಗುವನ್ನು ಇಳಿಸಿ, ಅದು ಗೇಟು ದಾಟುವವರೆಗೆ ನೋಡಿ, ಸ್ಟೇರಿಂಗಿನ ಮೇಲೆ ಬಾಗಿದವನು ಮತ್ತೆ ತಲೆಯೆತ್ತಿರಲಿಲ್ಲ. ವರ್ಷಗಟ್ಟಲೆ ವ್ಯಾನ್ ಓಡಿಸಿದರೂ ಅವನು ಹಾರನ್ ಹೊಡೆದದ್ದನ್ನು ಕೇಳಿದವರು ಕಡಿಮೆ. ದಾರಿಗೆ ಎಮ್ಮೆ ಅಡ್ಡ ಬಂದರೆ ಅದು ಹೋಗುವವರೆಗೂ ಕಾಯುತ್ತಿದ್ದ. ಅವನ ಊರು ಕಲ್ಯದ ಜನ ಅದನ್ನೇ ಹೇಳಿಕೊಳ್ಳುತ್ತ ಬಾಗಿಲಲ್ಲಿ ಚಪ್ಪಲಿ ಬಿಡುತ್ತಿದ್ದರು.

ಒಳಗೆ ಬಂದವರ ಕಣ್ಣು ಮೊದಲು ಅವನ ಮುಖದ ಮೇಲೆ, ಆಮೇಲೆ ಗೋಡೆಯ ಮೇಲೆ. ಮಣ್ಣುಗೋಡೆಯ ಹಳೆಯ ಕಂಬದ ಮನೆಯಲ್ಲಿ ಆ ಒಂದು ಗೋಡೆಗೆ ಮಾತ್ರ ಬಿದಿರೆಲೆಯ ಚಿತ್ರವಿದ್ದ ತಿಳಿಹಸಿರು ವಾಲ್‌ಪೇಪರ್ ಅಂಟಿಸಿದ್ದರು.

"ಚೆಂದಾಗೈತೆ. ಬೆಂಗ್ಳೂರಿಂದ ಆಳು ಕರ್ಸಿದ್ರಾ?" ತಿಪ್ಪಸಂದ್ರದ ಹೆಂಗಸು ಪಿಸುಗುಟ್ಟಿದಳು.

"ಆಳ್ಯಾಕೆ? ನಮ್ ನಟನೇ ಅಂಟ್ಸಿದ್ದು," ಎಂದ ಬೈರಪ್ಪ. ನಟರಾಜುವಿನ ಅಣ್ಣ, ಕೆಂಚಮ್ಮನ ಗಂಡ ಅವನು. "ಎಲ್ ಜೋಡ್ಸವ್ನೆ ಹುಡುಕ್ ನೋಡವ್ವ. ಸಿಕ್ಕಾಕಿಲ್ಲ."

ಆ ಹೆಂಗಸು ಕಾಗದದ ಮೇಲೆ ಅಂಗೈ ಸವರಿದಳು. ಲತಾಮಣಿಯ ಕಣ್ಣು ಆ ಕೈಯ ಕೆಳಗೆ ಇಳಿಯಿತು. ನೆಲಕ್ಕೆ ಒಂದು ಗೇಣು ಮೇಲೆ ಕಾಗದ ಉಬ್ಬಿಕೊಂಡಿತ್ತು. ನಿನ್ನೆ ಬೆಳಿಗ್ಗೆ ಅಲ್ಲಿ ಉಬ್ಬಿರಲಿಲ್ಲ. ರಾತ್ರಿಯಿಡೀ ಮಳೆ ಸುರಿದಿತ್ತು. ಈಗ ಅಳುವಿನ ನಡುವೆ ಮನೆ ಒಂದು ಗಳಿಗೆ ಸದ್ದಿಲ್ಲದೆ ಇದ್ದಾಗ ಅವಳಿಗೆ ಕೇಳಿಸಿತು. ಕಾಗದದ ಹಿಂದೆ ಮಣ್ಣು ಸರಸರನೆ ಇಳಿಯುತ್ತಿತ್ತು.

* * *

ಬೇಸಿಗೆಯಲ್ಲಿ ಪಕ್ಕದ ಖಾಲಿ ಜಾಗದಲ್ಲಿ ಬೈರಪ್ಪ ಹೊಸ ಮನೆಗೆ ಪಾಯ ತೆಗೆಸಿದ್ದ. ಜೆಸಿಬಿ ತಮ್ಮನ ಗೋಡೆಯ ಬುಡಕ್ಕೇ ಬಂದು ಆಳೆತ್ತರ ಅಗೆಯಿತು. ಆ ಮಧ್ಯಾಹ್ನ ಲತಾಮಣಿ ಅನ್ನ ಬಡಿಸುತ್ತಿದ್ದಾಗ ಗೋಡೆ ಒಣಗಿದ ಸೌದೆಯಂತೆ ಚಟ್ ಎಂದಿತು. ಸೂರಿನಿಂದ ನೆಲದವರೆಗೆ ಓರೆಯಾಗಿ ಬಿರುಕು ಬಿಟ್ಟಿತ್ತು. ನಟರಾಜು ಊಟ ಬಿಟ್ಟು ಎದ್ದು ಅದರೊಳಗೆ ಬೆರಳು ಹಾಕಿದ. ಬೆರಳು ಪೂರ್ತಿ ಹೋಯಿತು.

"ಭಾವಂಗೆ ಯೋಳಿ," ಎಂದಳು.

"ಯೋಳ್ತೀನಿ," ಎಂದು ಹೋದವನು ಕಾಫಿ ಕುಡಿದು ವಾಪಸ್ ಬಂದ. "ಏನೂ ಆಗಿಲ್ಲ ತಾನೆ ನಿನ್ ಗೋಡೆಗೆ" ಎಂದು ಅಣ್ಣ ತಾನೇ ಕೇಳಿದ್ದನಂತೆ. ಇವನು "ಇಲ್ಲ ಕಣಣ್ಣ" ಎಂದಿದ್ದ.

ಅಪ್ಪ ಸತ್ತಾಗ ನಟರಾಜು ಇನ್ನೂ ಮಗು. ಬೈರಪ್ಪ ಸ್ಕೂಲು ಬಿಟ್ಟು ನೇಗಿಲು ಹಿಡಿದು ಅವನನ್ನು ಸಾಕಿದ್ದ. ಹೊಡೆದವನಲ್ಲ, ಬೈದವನೂ ಅಲ್ಲ. ಆದರೂ ಅಣ್ಣನ ಮುಖ ಒಂದಿಷ್ಟು ಸಣ್ಣದಾದರೆ ನಟರಾಜುವಿಗೆ ಅನ್ನ ಇಳಿಯುತ್ತಿರಲಿಲ್ಲ. "ಪಾಯ ಕೆಲ್ಸ ನಿಲ್ಲುಸ್ಬುಡ್ತನೆ ಕಣೆ. ನನ್ನಿಂದ ನಿಂತೋಯ್ತು ಅಂತ ಆಯ್ತದೆ. ನೀನೂ ಬಾಯ್ಬುಡ್ಬ್ಯಾಡ," ಎಂದು ಅವಳ ಕೈ ಹಿಡಿದುಕೊಂಡಿದ್ದ.

ಆಮೇಲೆ ಅವನು ಫೋನಿನಲ್ಲಿ ವಾಲ್‌ಪೇಪರ್ ಅಂಟಿಸುವ ವಿಡಿಯೋಗಳನ್ನು ನೋಡತೊಡಗಿದ. ಒಂದೇ ವಿಡಿಯೋವನ್ನು ನಿಲ್ಲಿಸಿ ನಿಲ್ಲಿಸಿ ನೋಡುತ್ತಿದ್ದ. ಹೊರಮೈಯ ಬಿರುಕಿಗೆ ಅಣ್ಣ ಇಲ್ಲದಾಗ ಕೆಮ್ಮಣ್ಣು ಮೆತ್ತಿದ. ಒಳಗೆ ಸುಣ್ಣ ಕೆರೆದು, ಬಿರುಕಿಗೆ ಪುಟ್ಟಿ ತುಂಬಿ, ಮೇಲೆ ಬಟ್ಟೆಯ ಪಟ್ಟಿ ಅಂಟಿಸಿ, ಒಣಗಿದ ಮೇಲೆ ಕೆನ್ನೆಯಷ್ಟು ನುಣುಪಾಗುವವರೆಗೆ ಉಜ್ಜಿದ. ಒಂದು ಭಾನುವಾರ ಗಂಡಹೆಂಡತಿ ಬಾಗಿಲು ಹಾಕಿಕೊಂಡು ಕೆಲಸಕ್ಕೆ ನಿಂತರು. ದಾರದ ತುದಿಗೆ ಕಬ್ಬಿಣದ ನಟ್ಟು ಕಟ್ಟಿ ಸೂರಿನಿಂದ ಇಳಿಬಿಟ್ಟ. ಅದು ತೂಗುವುದು ನಿಂತ ಮೇಲೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದ.

"ಮೊದಲ್ನೇದು ನೆಟ್ಟಗೆ ನಿಂತ್ರೆ ಮಿಕ್ಕವೆಲ್ಲ ನೆಟ್ಟಗೆ," ಎಂದ.

ಅವಳು ಅಂಟು ಬಳಿದು, ಕಾಗದವನ್ನು ಅಂಟಿನ ಕಡೆ ಒಳಗಾಗುವಂತೆ ಮಡಿಸಿ, ನೆನೆಯಲು ಒಂದಿಷ್ಟು ಹೊತ್ತು ಬಿಟ್ಟು ಎತ್ತಿ ಕೊಟ್ಟಳು. ಅವನು ಸ್ಟೂಲಿನ ಮೇಲೆ ನಿಂತು ಮೇಲಿನಿಂದ ಕೂರಿಸಿದ. ಒಣ ಬ್ರಷ್ಷಿನಿಂದ ನಡುವಿನಿಂದ ಅಂಚಿಗೆ ಸವರಿ ಗಾಳಿ ಹೊರಗೆ ಹಾಕಿದ. ಎಲೆಗೆ ಎಲೆ ಕೂಡಿಸಿ ಮುಂದಿನ ಪಟ್ಟಿ ತಂದು, ಕೂಡಿದ ಕಡೆ ಲಟ್ಟಣಿಗೆ ಉರುಳಿಸಿದ. ಬ್ಲೇಡು ಮೊಂಡಾದರೆ ಅಂಚು ಹರಿಯುತ್ತದೆಂದು ಪಟ್ಟಿಗೊಂದು ಹೊಸ ಬ್ಲೇಡು ತೆಗೆದ. ಸಂಜೆಗೆ ಗೋಡೆ ಬೇರೆ ಯಾರದೋ ಮನೆಯದೆಂಬಂತೆ ಕಂಡಿತು. ಇಬ್ಬರೂ ಅಂಟುಗೈಯಲ್ಲೇ ನಿಂತು ನೋಡಿದರು.

"ಇನ್ ಕಾಣಾಕಿಲ್ಲ," ಎಂದ ನಟರಾಜು.

ಅಂದಿನಿಂದ ಅವಳಿಗೆ ಒಳಕೋಣೆಯಲ್ಲಿ ಮಲಗಲು ಹೇಳಿ, ತಾನು ಆ ಗೋಡೆಯ ಪಕ್ಕದಲ್ಲೇ ಚಾಪೆ ಹಾಕಿಕೊಂಡ. ಕಾಗದಕ್ಕೆ ಕಿವಿಯಿಟ್ಟು ಅವನು ಉಸಿರು ಬಿಗಿಹಿಡಿದಿರುವುದನ್ನು ಎರಡು ಮೂರು ಸಲ ಕಂಡಿದ್ದಳು.

* * *

ಕನಕಪುರದಿಂದ ನಟರಾಜುವಿನ ಅಕ್ಕ ಯಲ್ಲಮ್ಮ ಬರಬೇಕಿತ್ತು. ಅವಳು ಮುಖ ನೋಡದೆ ಹೆಣ ಎತ್ತುವಂತಿರಲಿಲ್ಲ. ಹೊರಗೆ ಶಾಮಿಯಾನದ ಕೆಳಗೆ ತಮಟೆಯವರು ಬೆಂಕಿಗೆ ಹಿಡಿದು ಚರ್ಮ ಕಾಯಿಸಿಕೊಂಡು ಬಾರಿಸಲು ಶುರುಮಾಡಿದರು.

ಬಿದಿರೆಲೆಗಳು ನಡುಗಿದವು. ತಿಪ್ಪಸಂದ್ರದ ಹೆಂಗಸಿನ ಹೆಗಲ ಮೇಲೆ ಕೆಂಪುಮಣ್ಣು ಎಳೆಯಾಗಿ ಉದುರಿತು. ಅವಳು ನೋಡದೆ ಕೊಡವಿಕೊಂಡಳು.

"ತಮಟೆ ನಿಲ್ಸಕ್ಕೇಳಿ," ಎಂದು ಲತಾಮಣಿ ಎದ್ದು ನಿಂತಳು.

"ಯಾಕವ್ವ? ನನ್ ತಮ್ಮನ್ನ ಸದ್ದಿಲ್ದಂಗೆ ಕಳಿಸ್ಲಾ?" ಎಂದ ಬೈರಪ್ಪ.

"ಎಲ್ರೂ ಈಚೆಗ್ ನಡೀರಿ. ಅವ್ರನ್ನೂ ಎತ್ಕಳಿ."

"ಯಲ್ಲಕ್ಕ ಇನ್ನೂ ರಾಮನಗರದಾಗವ್ಳೆ. ಬರಗಂಟ ಕಾಯದ್ ಬ್ಯಾಡ್ವಾ?"

"ದುಃಖಕ್ಕೆ ತಲೆ ನಿಂತಿಲ್ಲ. ಒಸಿ ನೀರ್ ಕುಡ್ಸಿ," ಯಾರೋ ಅಂದರು.

ಅವಳು ಗಂಡನ ಮುಖ ನೋಡಿದಳು. ಇಷ್ಟು ಜನರ ಮುಂದೆ, ಹೆಣ ಇನ್ನೂ ಮನೆಯಲ್ಲಿರುವಾಗ, ಭಾವನ ಮೇಲೆ ತಪ್ಪು ಹೊರಿಸುವುದು ಹೇಗೆ? ಬಾಯಿ ಬಿಡಬೇಡ ಎಂದು ಹಿಡಿದ ಕೈಯನ್ನು ಅವನು ಇನ್ನೂ ಬಿಟ್ಟಿಲ್ಲ ಅನ್ನಿಸಿತು. ಸುದ್ದಿ ತಿಳಿದು ಹಾಸ್ಟೆಲಿನಿಂದ ಬಂದಿದ್ದ ಮಗಳು ಸುಮನಾ ಅಪ್ಪನ ತಲೆಯ ಬಳಿ ಗೋಡೆಗೆ ತಾಗಿ ಕೂತು ಅವನ ಕೂದಲು ನೇವರಿಸುತ್ತಿದ್ದಳು. ಅವಳ ಬೆನ್ನ ಹಿಂದೆ ಕಾಗದದ ಉಬ್ಬು ಕೊಡದಷ್ಟಾಗಿತ್ತು.

ಲತಾಮಣಿ ಮಗಳನ್ನು ದಾಟಿ ಹೋಗಿ, ಎರಡು ಪಟ್ಟಿ ಕೂಡಿದ ಕಡೆ ಉಗುರು ಹಾಕಿ ಎಳೆದಳು. ಕಾಗದ ಬಟ್ಟೆಯ ಸಮೇತ ಪರ್ರನೆ ಹರಿದು ಬಂತು. ಮಣ್ಣು ನೆಲಕ್ಕೆ ಸುರಿಯಿತು.

ಬೈರಪ್ಪ ಬಂದು ಬಿರುಕಿಗೆ ಕೈ ಹಾಕಿದ. ಮೊಣಕೈವರೆಗೆ ಹೋಯಿತು. ಹೊರಗೆ ತೆಗೆದ ಅಂಗೈ ಒದ್ದೆಯಾಗಿತ್ತು.

"ಇದ್ಯಾವಾಗ ಆಯ್ತು?"

"ನೀವು ಪಾಯ ತೆಗ್ಸಿದ್ ದಿನ, ಭಾವ."

ಅವನು ಅಂಗೈಯನ್ನೇ ನೋಡುತ್ತ ನಿಂತ. ಆಮೇಲೆ ತಗ್ಗಿದ ದನಿಯಲ್ಲಿ, "ಯಾರೂ ಓಡ್ಬ್ಯಾಡಿ. ಹೆಂಗಸ್ರು ಮೊದ್ಲು ಎದ್ದೋಳಿ. ತಮಟೆ ನಿಲ್ಸ್ರಲಾ," ಎಂದ. ಗೋಡೆಯ ಕಡೆಗಿದ್ದ ಚಾಪೆಯ ತಲೆಭಾಗವನ್ನು ತಾನೇ ಹಿಡಿದ.

ನಟರಾಜುವನ್ನು ಶಾಮಿಯಾನದ ಕೆಳಗೆ ಇಳಿಸಿದರು. ಲತಾಮಣಿ ಒಬ್ಬೊಬ್ಬರ ಮುಖ ಹುಡುಕಿದಳು. ಸುಮನಾ ಇದ್ದಳು.

"ಅಕ್ಕ ಎಲ್ಲಿ?"

ಮಂಡಿನೋವಿನ ಕೆಂಚಮ್ಮ ಒಳಗೆ ಕಂಬ ಹಿಡಿದುಕೊಂಡು ಏಳಲು ಹೆಣಗುತ್ತಿದ್ದಳು. ಲತಾಮಣಿ ಒಳಗೆ ನುಗ್ಗಿ ಅವಳ ಸೊಂಟ ಬಳಸಿ ಎತ್ತಿದಳು. ಗೋಡೆ ಉಸಿರೆಳೆದಂತೆ ಸದ್ದು ಮಾಡಿತು. ಇಬ್ಬರೂ ಹೊಸಿಲಿನಾಚೆ ಮುಗ್ಗರಿಸಿ ಬಿದ್ದರು. ಬೆನ್ನ ಹಿಂದೆ ಗೋಡೆಯ ನಡುಭಾಗ ಹೊರಕ್ಕೆ ವಾಲಿ, ಮಳೆಗೆ ಕೆಲಸ ನಿಂತಿದ್ದ ಪಾಯದ ಗುಂಡಿಯ ನೀರಿಗೆ ಧಡಾರನೆ ಬಿತ್ತು. ಹೆಂಚಿನ ಮಾಡು ಕಂಬಗಳ ಮೇಲೆ ಗರಗರ ಅಂದು ನಿಂತಿತು. ಬಾಗಿಲಿನಿಂದ ಕೆಂಪು ಧೂಳು ಹೊರಬಂದು ಸತ್ತವನ ಹಣೆಯ ಮೇಲೂ ಕೂತಿತು. ಸುಮನಾ ಅದನ್ನು ಒರೆಸಿದಳು.

* * *

ಯಲ್ಲಮ್ಮ ಬಂದು ಅತ್ತಳು. ಹೊಲದಲ್ಲಿ ಅಪ್ಪನ ಪಕ್ಕದಲ್ಲೇ ನಟರಾಜುವಿಗೆ ಮಣ್ಣು ಕೊಟ್ಟು ಬರುವಷ್ಟರಲ್ಲಿ ಬಿಸಿಲು ಇಳಿದಿತ್ತು. ಊರಿನ ಗಂಡಸರು ಸರ್ವೆಕಂಬಗಳನ್ನು ತಂದು ತೊಲೆಗೆ ಆಸರೆ ಕೊಟ್ಟು, ಮಾಡು ಕುಸಿಯುವುದಿಲ್ಲ ಅಂತ ಖಾತ್ರಿಯಾದ ಮೇಲೆ ಹೋದರು.

ಬೈರಪ್ಪ ಕಂಬಕ್ಕೆ ಆನಿಕೊಂಡು ನಿಂತಿದ್ದ.

"ಬೆಳಿಗ್ಗೆ ಅಷ್ಟ್ ಜನದ ಮುಂದೆ ನಾನು..." ಎಂದು ಲತಾಮಣಿ ಶುರುಮಾಡಿದಳು.

"ಬುಡವ್ವ." ಅವನೇ ಕೇಳಿದ: "ನಂಗ್ಯಾಕ್ ಯೋಳ್ನಿಲ್ಲ ಅವ್ನು?"

"ನಿಮ್ಗೆ ಬೇಜಾರಾಯ್ತದೆ ಅಂತ."

"ನನ್ ಕಂಡ್ರೆ ಅಷ್ಟೊಂದ್ ಭಯ್ವಾ ಅವನ್ಗೆ?"

ಗುಂಡಿಯಲ್ಲಿ ಮಣ್ಣಿನ ಹೆಂಟೆಗಳು ಕರಗಿ ಕುಸಿಯುವ ಸದ್ದಿಗೆ ಇಬ್ಬರೂ ಬೆಚ್ಚಿದರು.

ಹೆಣ ಮಲಗಿಸಿದ್ದ ಜಾಗದಲ್ಲಿ ದೀಪ ಇಡಬೇಕಿತ್ತು. ಕೆಂಚಮ್ಮ ನೆಲ ಗುಡಿಸಿ, ಹಣತೆಗೆ ಎಣ್ಣೆ ಹಾಕಿ ಹಚ್ಚಿದಳು. ಗೋಡೆ ಇಲ್ಲದ ಕಡೆಯಿಂದ ಗಾಳಿ ನುಗ್ಗಿ ದೀಪ ಆರಿತು. ಸುಮನಾ ಮತ್ತೆ ಹಚ್ಚಿ ಅಂಗೈ ಅಡ್ಡ ಹಿಡಿದಳು. ಅದೂ ಆರಿತು. ಲತಾಮಣಿ ಬೆಂಕಿಪೊಟ್ಟಣ ತೆಗೆದುಕೊಂಡಳು. ಗಾಳಿಗೆ ಕಡ್ಡಿಯೇ ಹತ್ತಲಿಲ್ಲ.

ಬೈರಪ್ಪ ಬಂದು ಬಿದ್ದ ಮಣ್ಣಿನ ಮೇಲೆ ಕಾಲಿಟ್ಟ. ಅದು ಒಂದಿಷ್ಟು ಜಾರಿತು. "ದೊಡ್ಡಪ್ಪ, ಅಲ್ ಬ್ಯಾಡ," ಎಂದಳು ಸುಮನಾ. ಅವನು ಕೇಳದೆ ಗೋಡೆ ಇದ್ದ ಜಾಗದಲ್ಲಿ, ಗುಂಡಿಗೆ ಬೆನ್ನು ಮಾಡಿ ಕೂತ. ಹೆಗಲ ಟವೆಲನ್ನು ಎರಡೂ ಕೈಯಲ್ಲಿ ಅಗಲವಾಗಿ ಹಿಡಿದ.

"ಈಗ ಹಚ್ಚವ್ವ," ಎಂದ.

ಲತಾಮಣಿ ಕಡ್ಡಿ ಗೀರಿದಳು. ಹೊರಗಿನ ಗಾಳಿ ಅವನ ಅಂಗಿಯನ್ನು ಬೆನ್ನಿಗೆ ಪಟಪಟನೆ ಬಡಿಯುತ್ತಿತ್ತು. ದೀಪ ಅಲುಗದೆ ಉರಿಯಿತು.