ಬೆಕ್ಕಿಗೆ ಇಲ್ಲಿ ಓಣಿ ಇಲ್ಲ

ಹೊರದೇಶದ ಪೊರಿರುವಾ ಊರಿನ ಬಾಡಿಗೆ ಮನೆಯಲ್ಲಿ ತಿಪ್ಪೇಸ್ವಾಮಿ ಸಾಮಾನು ಕಟ್ಟುತ್ತಿದ್ದರು. ಹ್ಯಾಮಿಲ್ಟನ್‌ನಲ್ಲಿ ಹೊಸ ಕೆಲಸ, ಬಾಡಿಗೆಗೆ ಹೊಸ ಮನೆ. ಹಳೆಯ ಮಿಕ್ಸಿಗೂ ಒಂದು ಪೆಟ್ಟಿಗೆ ಸಿಕ್ಕಿತ್ತು. ಬೆಲ್ಲ ಎಂಬ ಬೆಕ್ಕಿನ ವಿಷಯ ಮಾತ್ರ ತೀರ್ಮಾನವಾಗಿರಲಿಲ್ಲ.

“ಬೆಲ್ಲನ್ನ ಇಲ್ಲೇ ಬಿಡೋಣ,” ಎಂದರು ಹೆಂಡತಿ ರತ್ನಾಗೆ. “ಬೆಕ್ಕು ಅಂದ್ರೆ ಹೊಸ ಮನೆ ಓನರ್ ಒಪ್ಪಲ್ಲ. ಹೆಂಗೋ ಬದುಕುತ್ತೆ ಬಿಡು. ನಮ್ಮ ದಾವಣಗೆರೆ ಓಣೀಲಿ ಬೆಕ್ಕು ಯಾರ ಮನೇದು ಅಂತ ಯಾರಾದ್ರೂ ಕೇಳ್ತಿದ್ರಾ?”

“ನಿಮ್ಮನ್ನೂ ಓಣಿನೇ ಸಾಕಿದ್ದು ಅಂತ ಅತ್ತೆ ಹೇಳ್ತಿದ್ರು,” ಎಂದರು ರತ್ನಾ.

ಮಗಳು ಲಾಸ್ಯಾ ನಗಲಿಲ್ಲ. ಶಾಲೆಗಾಗಿ ಅವಳು ಪ್ರಾಣಿಹಿಂಸೆಯ ಬಗ್ಗೆ ಒಂದು ಕಿರುಚಿತ್ರ ಮಾಡಿದ್ದಳು. ಅದಕ್ಕೆ ಅಪ್ಪನ ಬಾಲ್ಯದ ನೆನಪುಗಳನ್ನು ಕೇಳಿ ಧ್ವನಿ ಮುದ್ರಿಸಿಕೊಂಡಿದ್ದಳು. “ಅಪ್ಪಾ, ಜಸ್ಟ್ ವಾಚ್ ಇಟ್,” ಎಂದು ಟೀವಿ ಹಚ್ಚಿದಳು. ಪ್ಯಾಕಿಂಗ್‌ಗೆ ನೆರವಾಗಲು ಬಂದಿದ್ದ ರತ್ನಾ ಅವರ ಗೆಳತಿ ವಂದನಾ ಕೂಡ ಕುಳಿತರು. ಅವರು ಪಶುವೈದ್ಯರ ಕ್ಲಿನಿಕ್‌ನಲ್ಲಿ ನರ್ಸ್.

ಚಿತ್ರದಲ್ಲಿ ತಿಪ್ಪೇಸ್ವಾಮಿಯವರ ದನಿ ಕೇಳಿಸಿತು: “ನಮ್ಮ ಓಣೀಲಿ ಒಂದು ಬೆಕ್ಕಿತ್ತು. ಮೇಷ್ಟ್ರ ಮನೇಲಿ ಹಾಲು, ಮೂಲೆಮನೆ ಅಜ್ಜಿ ಹತ್ರ ರೊಟ್ಟಿ ಚೂರು. ಚಳಿಗೆ ಹಿಟ್ಟಿನ ಗಿರಣೀಲಿ ಮಲಗ್ತಿತ್ತು. ಬಾಗಿಲು ಹಾಕಿದ ಮನೆ ಅಂತ ಒಂದೂ ಇರಲಿಲ್ಲ.”

ತೆರೆಯ ಮೇಲೆ ಆ ಓಣಿ ಇರಲಿಲ್ಲ. ಪೊರಿರುವಾದ ಅವರದೇ ಬೀದಿ ಇತ್ತು. ಲಾಸ್ಯಾ ಕ್ಯಾಮೆರಾವನ್ನು ಬೆಕ್ಕಿನ ಎತ್ತರಕ್ಕೆ ಇಳಿಸಿದ್ದಳು. ಬೇಲಿ. ಮುಚ್ಚಿದ ಬಾಗಿಲು. ಕಾರಿನ ಚಕ್ರ. ಮತ್ತೆ ಮುಚ್ಚಿದ ಬಾಗಿಲು. ಕೊನೆಯಲ್ಲಿ, ಮನೆಯವರೆಲ್ಲ ಅಂಗಡಿಗೆ ಹೋಗಿದ್ದಾಗ ಕಿಟಕಿಯಲ್ಲಿಟ್ಟು ಹೋದ ಕ್ಯಾಮೆರಾ ತೆಗೆದ ದೃಶ್ಯ. ಮಳೆ ಜಿನುಗುತ್ತಿದೆ. ಬೆಲ್ಲ ಯಾರ ಮನೆಗೂ ಹೋಗುವುದಿಲ್ಲ. ತನ್ನ ಬಾಗಿಲಿನ ಮುಂದೆ ಮುದುಡಿ ಕುಳಿತಿದೆ.



“ನಾವದಕ್ಕೆ ಒಂದೇಟು ಹೊಡೆದಿಲ್ಲ,” ಎಂದರು ತಿಪ್ಪೇಸ್ವಾಮಿ. “ಇದೂ ಹಿಂಸೆನಾ?”

“ಹೌದಣ್ಣ,” ಎಂದರು ವಂದನಾ. “ನಮ್ಮನ್ನೇ ನಂಬಿಕೊಂಡಿರೋ ಪ್ರಾಣೀನ ಬಿಟ್ಟು ಹೋಗೋದು ಹಿಂಸೆನೇ. ಈ ದೇಶದಲ್ಲಿ ಅದು ಕಾನೂನಿಗೂ ವಿರುದ್ಧ. ಅಲ್ಲಿ ನೀವು ಬಿಟ್ಟು ಹೋದ್ರೂ ಓಣಿ ಇರ್ತಿತ್ತು. ಇಲ್ಲಿ ಅದಕ್ಕೆ ನೀವೊಬ್ಬರೇ.”

“ಓನರ್ ಬೇಡ ಅಂದ್ರೆ?”

“ಕೇಳಿದ್ರಾ?”

ತಿಪ್ಪೇಸ್ವಾಮಿ ಕೇಳಿರಲಿಲ್ಲ.

“ಬರೆದು ಕೇಳಿ. ಇಲ್ಲಿ ಈಗಿನ ಕಾನೂನಿನ ಪ್ರಕಾರ ಸರಿಯಾದ ಕಾರಣ ಇಲ್ಲದೆ ಅವರು ಬೇಡ ಅನ್ನೋ ಹಾಗಿಲ್ಲ. ಷರತ್ತು ಹಾಕಬಹುದು. ಅವರ ಕಾರಣ ನ್ಯಾಯವಾಗಿದ್ರೆ ನನಗೆ ಹೇಳಿ, ಬೇರೆ ಮನೆ ಹುಡುಕೋಣ.”

“ನಮಗಾ, ಬೆಕ್ಕಿಗಾ?” ಎಂದರು ರತ್ನಾ.

“ಬೆಕ್ಕಿಗೇ. ನಿಮಗೆ ಹುಡುಕೋದು ನನ್ನ ಕೈಲಾಗಲ್ಲ.”

ತಿಪ್ಪೇಸ್ವಾಮಿ ಆಗಲೇ ಫೋನ್ ತೆಗೆದು ಓನರ್‌ಗೆ ಬರೆಯತೊಡಗಿದ್ದರು. ಎರಡು ದಿನಕ್ಕೆ ಉತ್ತರ ಬಂತು: ಮನೆ ಬಿಡುವಾಗ ಕಾರ್ಪೆಟ್ ಶುಚಿ ಮಾಡಿಸಿಕೊಡುವುದಾದರೆ ಬೆಕ್ಕು ಬರಬಹುದು. ಹೊರಟ ದಿನ ಬೆಲ್ಲ ಬುಟ್ಟಿಯೊಳಗಿಂದ ದಾರಿಯಲ್ಲಿ ಸಿಗುವ ಟೌಪೋ ಊರಿನವರೆಗೂ ಕೂಗಿತು. ತಿಪ್ಪೇಸ್ವಾಮಿ ರೇಡಿಯೋ ಹಾಕಲಿಲ್ಲ. “ಕೂಗಲಿ ಬಿಡು,” ಎಂದರು, “ಜೊತೇಲಿದೆಯಲ್ಲ.”

ಮನೆ ಬದಲಿಸುತ್ತಿದ್ದೀರಾ? ಸಾಮಾನು ಕಟ್ಟುವ ಮೊದಲು ಸಾಕುಪ್ರಾಣಿಗೆ ಜಾಗ ಗೊತ್ತುಮಾಡಿ. ಮನೆಯ ಮಾಲೀಕರನ್ನು ಬರೆದು ಕೇಳಿ. ಆಗದಿದ್ದರೆ ಪಶುವೈದ್ಯರನ್ನೋ ಪ್ರಾಣಿರಕ್ಷಣಾ ಸಂಸ್ಥೆಯನ್ನೋ ಕೇಳಿ, ಸಾಕುವವರ ಕೈಗೇ ಒಪ್ಪಿಸಿ. ನೀವು ಎಳೆದುಕೊಳ್ಳುವ ಬಾಗಿಲಿನ ಹೊರಗೆ ಅದನ್ನು ಬಿಡಬೇಡಿ.