ತೊಂಬತ್ತೊಂಬತ್ತು ದಿನ

ಸಂಶೋಧನಾ ಕೇಂದ್ರದಲ್ಲಿ ಅವಳನ್ನು ಎಲ್ಲರೂ ಅಕ್ಕ ಅಂತಲೇ ಕರೆಯುತ್ತಿದ್ದರು. ಅವಳಿಗಿಂತ ಹದಿನೈದು ವರ್ಷ ದೊಡ್ಡವರಾದ ನಿರ್ದೇಶಕರೂ ಬಾಯ್ತುಂಬ ಅಕ್ಕ ಅನ್ನುತ್ತಿದ್ದರು, ಕೆಲಸ ಆಗಬೇಕಾದಾಗ. ಕೆಲಸ ಆದ ಮೇಲೆ ಮಾತ್ರ ‘ಸಿಬ್ಬಂದಿ’ ಅಂದುಬಿಟ್ಟರು.

ಈ ನಿರ್ದೇಶಕರಿಗೆ ಬೆನ್ನ ಹಿಂದೆ ಇದ್ದ ಹೆಸರು ಸರಾಸರಿ ಸಾಹೇಬರು. ಯಾವ ವಿಷಯ ಬಂದರೂ “ಸರಾಸರಿ ಎಷ್ಟು?” ಅಂತ ಕೇಳುವ ಚಾಳಿ. ಆಫೀಸಿನ ಟೈಪಿಸ್ಟ್ ತನಗೆ ಅವಳಿ ಮೊಮ್ಮಕ್ಕಳಾದವು ಅಂತ ಸಿಹಿ ಹಂಚಿದರೆ, ಆ ಸಿಹಿಯನ್ನು ಬಾಯಿಗೆ ಹಾಕಿಕೊಳ್ಳುತ್ತಾ “ಸರಾಸರಿ ತೂಕ?” ಅಂತ ಕೇಳಿದ ಮಹಾಶಯ ಅವರು. ನಗಬೇಡಿ, ಅಂಥವರ ಕೈಗೇ ಊರಿನ ಮಕ್ಕಳ ಲೆಕ್ಕ ಹೋಗುವುದು.

ಶಾಲೆಯಲ್ಲಿ ಒಬ್ಬ ನರ್ಸ್ ಇದ್ದರೆ ಮಕ್ಕಳು ಕಾಯಿಲೆ ಬಿದ್ದು ಶಾಲೆ ತಪ್ಪಿಸುವುದು ಕಡಿಮೆಯಾಗುತ್ತದೆಯೇ? ಇದು ಅವರು ಹಿಡಿದ ಸಮೀಕ್ಷೆ. ಊರಿನ ಅರ್ಧ ಶಾಲೆಗಳಲ್ಲಿ ನರ್ಸ್ ಕೋಣೆ ಇತ್ತು, ಅರ್ಧಕ್ಕೆ ಇರಲಿಲ್ಲ. ಎರಡೂ ಕಡೆಯ ತಾಯಂದಿರನ್ನು ಕೇಳಬೇಕು, ಹೋಲಿಸಬೇಕು. ಹಿಡಿದದ್ದು ಸಾಹೇಬರಾದರೂ ಹೊತ್ತದ್ದು ಅಕ್ಕ. ಪ್ರಶ್ನೆಗಳನ್ನು ಬರೆದವಳು ಅವಳು, ಹುಡುಗಿಯರ ತಂಡ ಕಟ್ಟಿ ಮನೆಮನೆ ಹತ್ತಿಳಿದವಳು ಅವಳು, ನಾಯಿಯಿಂದ ಕಚ್ಚಿಸಿಕೊಂಡು ಇಂಜೆಕ್ಷನ್ ಚುಚ್ಚಿಸಿಕೊಂಡವಳೂ ಅವಳೇ. ಪುಸ್ತಕದ ಮೊದಲ ಅಧ್ಯಾಯಗಳನ್ನೂ ಬರೆದು ಕೊಟ್ಟಿದ್ದಳು. ಅವಳ ಸ್ವಂತ ತಂಗಿ ಒಂದು ಶಾಲೆಯಲ್ಲಿ ನರ್ಸ್. ನಾಳೆ ಯಾರೂ ಬೆರಳು ತೋರಿಸಬಾರದು ಅಂತ ಆ ಶಾಲೆಯ ಮನೆಗಳಿಗೆ ತಾನು ಹೋಗದೆ ಬೇರೆಯವರನ್ನು ಕಳಿಸಿದ್ದಳು. ಅಷ್ಟು ನಿಯತ್ತಿನ ಹೆಂಗಸು.

ಒಂದು ದಿನ ಮೀಟಿಂಗಿನಲ್ಲಿ ಪುಸ್ತಕದ ಮುಖಪುಟ ಕೈಯಿಂದ ಕೈಗೆ ಬಂತು. ಫಲಿತಾಂಶ ಇನ್ನೂ ಬಂದಿರಲಿಲ್ಲ, ಮುಖಪುಟ ಬಂದಾಗಿತ್ತು, ಆ ಕೇಂದ್ರದ ರೀತಿಯೇ ಹಾಗೆ. ಮೇಲೆ ಎರಡು ಹೆಸರು. ಒಂದು ಸಾಹೇಬರದು. ಇನ್ನೊಂದು ಅವರ ಅಳಿಯನದು. ಮೊನ್ನೆ ಮೊನ್ನೆ ಕೆಲಸಕ್ಕೆ ಸೇರಿದ ಅಳಿಯ!

“ಸರ್, ನನ್ನ ಹೆಸರು?” ಅಂದಳು ಅಕ್ಕ.

“ಇದೆಯಲ್ಲ ಅಕ್ಕ, ಒಳಗೆ.”

ಒಳಗೆ ಇದ್ದದ್ದು ಒಂದೇ ಸಾಲು: ‘ಕ್ಷೇತ್ರಕಾರ್ಯದಲ್ಲಿ ನೆರವಾದ ಸಿಬ್ಬಂದಿಗೆ ಋಣಿ.’

“ಇದರಲ್ಲಿ ನಾನೆಲ್ಲಿ ಸರ್?”

“ಸಿಬ್ಬಂದಿ ಅಂದ್ರೆ ನೀವೇ ಅಲ್ವೇ?” ಸಾಹೇಬರು ಕನ್ನಡಕ ಒರೆಸಿಕೊಂಡರು. “ನೋಡಿ, ಅಂಕಿ ತರೋರು ಬೇರೆ, ಅಂಕಿಗೆ ಅರ್ಥ ಹೇಳೋರು ಬೇರೆ. ಅವರವರ ಕೆಲಸ ಅವರವರು ಮಾಡಿಕೊಂಡಿದ್ರೆ ಚೆಂದ.”

ಮೇಜಿನ ಆ ತುದಿಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ಅಕ್ಕನ ಕಿವಿ ಬಿಸಿಯಾಯಿತು. ನಾಲ್ಕು ಜನರ ಮುಂದೆ ಮಾನ ಕಳೆದರಲ್ಲ, ಅದು ಅವಳ ಹೊಟ್ಟೆಯೊಳಗೆ ಇಳಿದು ಅಲ್ಲೇ ಕೂತಿತು. ಆ ತಿಂಗಳಿಗೆ ಅವಳ ಗುತ್ತಿಗೆ ಮುಗಿಯುತ್ತಿತ್ತು. ಪ್ರತಿ ಸಲ ತಾನಾಗಿಯೇ ಮುಂದುವರಿಯುತ್ತಿದ್ದದ್ದು ಈ ಸಲ ಮುಂದುವರಿಯಲಿಲ್ಲ. ಕೊನೆಗೊಮ್ಮೆ ತನ್ನ ಸಾಮಾನು ತರಲು ಹೋದರೆ ಅವಳ ಮೇಜಿನ ಮೇಲೆ ಅಳಿಯನ ಫೋಟೋ, ಅಳಿಯನ ಲೋಟ. ಅವಳ ಕಾಗದಪತ್ರ?

“ರದ್ದಿಗೆ ಹೋಯ್ತಕ್ಕ,” ಅಂದ ಜವಾನ, ಮುಖ ತಗ್ಗಿಸಿ. “ಸಾಹೇಬರೇ ಹೇಳಿದ್ರು.”

ಬಸ್ಸಿನಲ್ಲಿ ಕೂತು ಮನೆಗೆ ಬರುವಷ್ಟರಲ್ಲಿ ಅವಳು ಒಂದು ನಿರ್ಧಾರಕ್ಕೆ ಬಂದಿದ್ದಳು. ಈ ಸಾಹೇಬನ ನೀರಿಳಿಸದೆ ಬಿಡುವುದಿಲ್ಲ. ಹೇಗೆ ಅಂತ ಗೊತ್ತಿರಲಿಲ್ಲ. ಇಳಿಸುವುದು ಮಾತ್ರ ಖಂಡಿತ.

ಮನೆಯಲ್ಲಿ ಇದ್ದದ್ದು ಅಕ್ಕ ತಂಗಿ ಇಬ್ಬರೇ. ಈಗ ಸಂಬಳ ತಂಗಿಯದೊಂದೇ. ಅದಕ್ಕೆ ತಂಗಿ ಒಮ್ಮೆಯೂ ಗೊಣಗಲಿಲ್ಲ. “ನಾನಿದ್ದೀನಲ್ಲೇ ಅಕ್ಕ,” ಅಂತ ಟೀ ಲೋಟ ಕೈಗಿಟ್ಟು, ತನ್ನ ಶಾಲೆಯ ಸುದ್ದಿ ಶುರು ಮಾಡಿದಳು. ಯಾರ ಹಲ್ಲು ಬಿತ್ತು, ಯಾರು ಪರೀಕ್ಷೆ ದಿನ ಸುಳ್ಳು ಹೊಟ್ಟೆನೋವು ಹಿಡಿದು ಬಂದ. ಆ ಕೋಣೆ ಅಂದರೆ ಅವಳಿಗೆ ಪ್ರಾಣ. ಅಕ್ಕ ಹೂಂಗುಟ್ಟುತ್ತಿದ್ದಳು, ಕೇಳಿಸಿಕೊಳ್ಳುತ್ತಿರಲಿಲ್ಲ. ಊಟಕ್ಕೆ ಕೂತರೂ ಸಾಹೇಬರು, ಕಣ್ಣು ಮುಚ್ಚಿದರೂ ಸಾಹೇಬರು.

ಕೆಲವು ವಾರ ಕಳೆದವು. ಒಂದು ಸಂಜೆ ತಂಗಿ ಅಡುಗೆಮನೆಯ ಮೇಜಿನ ಮೇಲೆ ಮರುದಿನದ ಬಿಳಿ ಕೋಟು ಇಸ್ತ್ರಿ ಮಾಡುತ್ತಿದ್ದಳು. ಅಕ್ಕನ ಫೋನ್ ಬಡಿದುಕೊಂಡಿತು. ಅಳಿಯ!

“ಅಕ್ಕ, ತೊಂದರೆ ಕೊಡ್ತಿದ್ದೀನಿ, ಬೇಜಾರು ಮಾಡ್ಕೋಬೇಡಿ. ಮಾವನವರಿಗೆ ಹೇಳಿಲ್ಲ, ನಾನೇ ಕೇಳ್ತಿದ್ದೀನಿ. ‘ಕಳೆದ ವರ್ಷ ಮಗು ಹುಷಾರಿಲ್ಲದೆ ಎಷ್ಟು ದಿನ ಮನೆಯಲ್ಲಿತ್ತು’ ಅನ್ನೋ ಪ್ರಶ್ನೆಗೆ ಅಲ್ಲಲ್ಲಿ ತೊಂಬತ್ತೊಂಬತ್ತು ಅಂತಿದೆ. ನಿಜವಾಗ್ಲೂ ಅಷ್ಟು ದಿನಾನಾ?”

ಈ ತೊಂಬತ್ತೊಂಬತ್ತರ ಕಥೆ ಹೇಳಿಬಿಡುತ್ತೇನೆ. ಸಮೀಕ್ಷೆಯಲ್ಲಿ ಕೆಲವು ತಾಯಂದಿರು ಕೆಲವು ಪ್ರಶ್ನೆಗೆ “ಹೇಳಲ್ಲ” ಅನ್ನುತ್ತಾರೆ. ಅವರ ಹಕ್ಕು. ಆಗ ಜಾಗ ಖಾಲಿ ಬಿಟ್ಟರೆ ಹುಡುಗಿಯರು ಕೇಳುವುದನ್ನೇ ಮರೆತರೋ ಏನೋ ಅಂತ ಗೊಂದಲ. ಅದಕ್ಕೆ ‘ಉತ್ತರ ಕೊಡಲಿಲ್ಲ’ ಅನ್ನುವುದಕ್ಕೆ ಗುರುತಾಗಿ ತೊಂಬತ್ತೊಂಬತ್ತು ಅಂತ ಬರೆಯುವುದು ಆ ಕಸುಬಿನವರ ಪದ್ಧತಿ. ಲೆಕ್ಕ ಹಾಕುವ ಮುಂಚೆ ಅದನ್ನು ತೆಗೆದುಹಾಕಬೇಕು. ತೆಗೆಯದೆ ಸರಾಸರಿ ಹಾಕಿದರೆ, ಬಾಯಿ ಬಿಡದ ಪ್ರತಿ ತಾಯಿಯ ಮಗುವೂ ವರ್ಷದಲ್ಲಿ ತೊಂಬತ್ತೊಂಬತ್ತು ದಿನ ಹಾಸಿಗೆ ಹಿಡಿದಂತೆ ಆಗುತ್ತದೆ. ಇದನ್ನೆಲ್ಲ ವಿವರಿಸಿ ಅಕ್ಕ ಬರೆದಿಟ್ಟಿದ್ದ ಹಾಳೆ ರದ್ದಿಯ ಜೊತೆ ಹೋಗಿತ್ತು. ಸಾಹೇಬರೇ ಕಳಿಸಿದ್ದು.

ಹುಡುಗನಿಗೆ ಅನುಮಾನ ಬಂದಿತ್ತು, ಅವನು ದಡ್ಡನಲ್ಲ. ಕೇಳಿಯೂ ಕೇಳಿದ, ಮರ್ಯಾದೆಯಾಗಿ ಕೇಳಿದ. ಅಕ್ಕ ಒಂದು ಉಸಿರು ಎಳೆದುಕೊಂಡಳು. ಇಷ್ಟು ದಿನ ಹುಡುಕಿದ್ದು ತಾನಾಗಿಯೇ ಮನೆ ಬಾಗಿಲಿಗೆ ಬಂದು ನಿಂತಿತ್ತು.

“ಹೂಂ ಕಣಪ್ಪ,” ಅಂದಳು, ಬೆಣ್ಣೆಯಂಥ ದನಿಯಲ್ಲಿ. “ಕಾಯಿಲೆ ಅಂದ್ಮೇಲೆ ಹೇಳಿ ಕೇಳಿ ಬರುತ್ತಾ? ತೊಂಬತ್ತೊಂಬತ್ತು ಅಂತ ಬರೆದಿದ್ರೆ ತೊಂಬತ್ತೊಂಬತ್ತೇ.”

“ಥ್ಯಾಂಕ್ಸ್ ಅಕ್ಕ. ದೊಡ್ಡ ಉಪಕಾರ ಆಯ್ತು.”

ಫೋನ್ ಇಟ್ಟವಳೇ ಅಕ್ಕ ನಗಲು ಶುರು ಮಾಡಿದಳು. ಕಣ್ಣಲ್ಲಿ ನೀರು ಬರುವ ತನಕ ನಕ್ಕಳು.

“ಏನೇ ಅಕ್ಕ ಅದು, ತೊಂಬತ್ತೊಂಬತ್ತು?” ತಂಗಿ ಇಸ್ತ್ರಿ ಪೆಟ್ಟಿಗೆ ಎತ್ತಿಟ್ಟು ಕೇಳಿದಳು.

“ಒಬ್ಬರ ಸೊಕ್ಕು ಮುರಿಯೋ ಸಂಖ್ಯೆ ಕಣೇ!”

ತಂಗಿಗೆ ತಲೆಬುಡ ಗೊತ್ತಾಗಲಿಲ್ಲ. ಆದರೂ ಎಷ್ಟೋ ದಿನದ ಮೇಲೆ ಅಕ್ಕ ನಕ್ಕಳಲ್ಲ ಅಂತ ಅವಳೂ ನಕ್ಕಳು.

ಅಕ್ಕನ ಎಣಿಕೆ ಇಷ್ಟೇ. ತೊಂಬತ್ತೊಂಬತ್ತುಗಳು ಎಲ್ಲ ಶಾಲೆಗಳಲ್ಲೂ ಚೆಲ್ಲಾಪಿಲ್ಲಿಯಾಗಿ ಇರುತ್ತವೆ, ಫಲಿತಾಂಶ ಒಟ್ಟಾರೆ ನಗೆಪಾಟಲಾಗುತ್ತದೆ, ಪುಸ್ತಕ ಬಿಡುಗಡೆಯ ದಿನ ತಾನು ಎದ್ದು ನಿಂತು ಎಲ್ಲರ ಮುಂದೆ ಸಾಹೇಬರ ಬಣ್ಣ ಬಯಲು ಮಾಡುವುದು.

ಹಾಗೆ ಆಗಲಿಲ್ಲ. ಬಿಡುಗಡೆಗೆ ಮುಂಚೆಯೇ ಪತ್ರಿಕೆಯಲ್ಲಿ ಸುದ್ದಿ ಬಂತು: ‘ನರ್ಸ್ ಇರುವ ಶಾಲೆಗಳಲ್ಲೇ ಮಕ್ಕಳ ಗೈರುಹಾಜರಿ ಹೆಚ್ಚು, ಸಮೀಕ್ಷೆಯಿಂದ ಬಹಿರಂಗ.’

ಅಕ್ಕನಿಗೆ ಮೊದಲು ಹಾಲು ಕುಡಿದಷ್ಟು ಸಂತೋಷವಾಯಿತು. ಬಿದ್ದ, ತಲೆಕೆಳಗಾಗಿ ಬಿದ್ದ! ಆಮೇಲೆ ತಲೆಬರಹವನ್ನು ಇನ್ನೊಮ್ಮೆ ಓದಿದಳು. ನರ್ಸ್ ಇರುವ ಶಾಲೆಗಳಲ್ಲೇ ಯಾಕೆ? ಯೋಚಿಸಬೇಕಾಗಿರಲಿಲ್ಲ, ಉತ್ತರ ಮನೆಯಲ್ಲೇ ಇತ್ತು. ಸಮೀಕ್ಷೆಯವರು ಬರುತ್ತಾರೆ ಅಂದಾಗ ತಂಗಿಯಂಥ ನರ್ಸುಗಳು ತಾಯಂದಿರಿಗೆ ಹೇಳಿದ್ದನ್ನು ತಂಗಿಯೇ ಹಿಂದೊಮ್ಮೆ ತಿಳಿಸಿದ್ದಳು: ನಿಮ್ಮ ಮಗುವಿನ ಕಾಯಿಲೆ ನಿಮ್ಮ ಮನೆ ಮಾತು, ಹೇಳೋಕೆ ಇಷ್ಟ ಇಲ್ಲದಿದ್ರೆ ಹೇಳಬೇಡಿ, ಯಾರೂ ಬಲವಂತ ಮಾಡಲ್ಲ. ಅಲ್ಲಿನ ತಾಯಂದಿರೇ ಹೆಚ್ಚಾಗಿ “ಹೇಳಲ್ಲ” ಅಂದಿದ್ದರು. ತೊಂಬತ್ತೊಂಬತ್ತೆಲ್ಲ ಆ ಕಡೆಗೇ ಗುಡ್ಡೆ ಬಿದ್ದಿತ್ತು.

ಅಕ್ಕ ಫೋನ್ ಕೈಗೆತ್ತಿಕೊಂಡಳು. ಒಂದು ಮಾತು ಸಾಕಿತ್ತು. ಆದರೆ ಈಗ ಹೇಳಿದರೆ ಏನಾಗುತ್ತದೆ? ಸಾಹೇಬರು ಸದ್ದಿಲ್ಲದೆ ತಿದ್ದಿಕೊಳ್ಳುತ್ತಾರೆ, “ಕೂಲಂಕಷ ಮರುಪರಿಶೀಲನೆ” ಅಂತ ಹೆಸರಿಟ್ಟು ಅದಕ್ಕೂ ಶಾಲು ಹೊದಿಸಿಕೊಳ್ಳುತ್ತಾರೆ. ಇದನ್ನು ನಂಬಿ ಶಿಕ್ಷಣ ಇಲಾಖೆ ನರ್ಸ್ ಕೋಣೆ ಮುಚ್ಚಿಬಿಟ್ಟರೆ? ಬಿಡುಗಡೆ ಈ ತಿಂಗಳೇ ಇದೆ, ಅಷ್ಟರೊಳಗೆ ಯಾರು ಏನು ಮುಚ್ಚುತ್ತಾರೆ? ಒಂದು ಬಲ್ಬು ಬದಲಾಯಿಸಲು ವರ್ಷ ತೆಗೆದುಕೊಳ್ಳುವ ಇಲಾಖೆ ಅದು. ಫೋನ್ ಕೆಳಗಿಟ್ಟಳು.

ಬಲ್ಬು ಬದಲಾಯಿಸಲು ವರ್ಷ ಬೇಕು, ಬೀಗ ಹಾಕಲು ಬೇಡ. ಮುಂದಿನ ವಾರವೇ ತಂಗಿ ಮಧ್ಯಾಹ್ನ ಮನೆಗೆ ಬಂದಳು, ಕೈಯಲ್ಲಿ ಒಂದು ರಟ್ಟಿನ ಡಬ್ಬ. ಅದರಲ್ಲಿ ಥರ್ಮಾಮೀಟರು, ಚಪ್ಪಲಿ, ಮಕ್ಕಳು ಬರೆದುಕೊಟ್ಟ ಚಿತ್ರಗಳು. ಎಲ್ಲ ನರ್ಸ್ ಕೋಣೆಗಳನ್ನೂ ಮುಚ್ಚಿದ್ದರು.

“ನಂದೇ ತಪ್ಪಿರಬಹುದು ಅಕ್ಕ,” ಅಂದಳು, ಡಬ್ಬ ಮಡಿಲಲ್ಲೇ ಇಟ್ಟುಕೊಂಡು. “ಸ್ವಲ್ಪ ಮೈ ಬೆಚ್ಚಗಿದ್ರೂ ಮನೆಗೆ ಕಳಿಸಿಬಿಡ್ತಿದ್ದೆ. ಇನ್ನೊಂದ್ಸಲ ನೋಡಬೇಕಿತ್ತೇನೋ. ಆ ಉಬ್ಬಸದ ಹುಡುಗಿ ಇದ್ದಾಳಲ್ಲ, ಅವಳು ಉಸಿರೆಳೆಯೋ ಪಂಪು ಯಾರ ಕೈಲಿ ಕೊಟ್ಟು ಬರಲಿ ಅಂತ್ಲೇ ತಿಳೀಲಿಲ್ಲ. ಕೊನೆಗೆ ಗೇಟಿನವನ ಕೈಲಿ ಕೊಟ್ಟೆ.”

ಅಕ್ಕ ಆಗಲಾದರೂ ಹೇಳಬಹುದಿತ್ತು, ಬೇಡ ಅಂದವರು ಯಾರು? ಆದರೆ ಹೇಳಿದ್ದು ಇಷ್ಟೇ:

“ಅಳಬೇಡ್ವೇ. ಶನಿವಾರ ನನ್ನ ಜೊತೆ ಬಾ. ನಿನ್ನ ಹೊಟ್ಟೆ ಮೇಲೆ ಹೊಡೆದವನ ಗತಿ ಏನಾಗುತ್ತೆ ಅಂತ ಕಣ್ಣಾರೆ ನೋಡುವಿಯಂತೆ.”

ಶನಿವಾರ ಸಭಾಂಗಣ ಕಿಕ್ಕಿರಿದಿತ್ತು. ಇಲಾಖೆಯವರು, ಪತ್ರಿಕೆಯವರು, ಮೇಷ್ಟ್ರುಗಳು. ವೇದಿಕೆ ಮೇಲೆ ಸಾಹೇಬರು, ಪಕ್ಕದಲ್ಲಿ ಅಳಿಯ, ನಡುವೆ ಅಧ್ಯಕ್ಷರಾಗಿ ಒಬ್ಬ ವಯಸ್ಸಾದ ಡಾಕ್ಟರಮ್ಮ. ಅಕ್ಕ ಮುಂದಿನ ಸಾಲಲ್ಲಿ ತಂಗಿಯ ಕೈ ಹಿಡಿದು ಕೂತಳು. ಸಾಹೇಬರು ಗಂಟೆಗಟ್ಟಲೆ ಕೊರೆದರು. ಪ್ರಶ್ನೆಗಳಿದ್ದರೆ ಕೇಳಿ ಅಂದದ್ದೇ ತಡ, ಅಕ್ಕ ಎದ್ದಳು. ಮೈಕು ಬಂತು.

“ನಾನು ಸಿಬ್ಬಂದಿ ಸರ್,” ಅಂದಳು. ಕೆಲವರು ನಕ್ಕರು. “ಸಣ್ಣ ಅನುಮಾನ. ನಿಮ್ಮ ಅಂಕಿಗಳಲ್ಲಿ ತೊಂಬತ್ತೊಂಬತ್ತು ದಿನ ಹುಷಾರಿಲ್ಲದ ಮಕ್ಕಳು ರಾಶಿ ರಾಶಿ ಇದ್ದಾರೆ. ತೊಂಬತ್ತೆಂಟು ದಿನದ ಮಗು ಒಂದೂ ಇಲ್ಲ. ತೊಂಬತ್ತೇಳರದ್ದೂ ಇಲ್ಲ. ಅದ್ಯಾವ ಕಾಯಿಲೆ ಸರ್, ಎಲ್ಲರಿಗೂ ಸರಿಯಾಗಿ ತೊಂಬತ್ತೊಂಬತ್ತು ದಿನಕ್ಕೇ ವಾಸಿಯಾಗೋದು?”

ಸಾಹೇಬರು ಅಳಿಯನ ಮುಖ ನೋಡಿದರು. ಅಳಿಯ ಕಾಗದ ತಿರುವಿದ.

“ಅಂಕಿ ತರೋರು ಬೇರೆ, ಅರ್ಥ ಹೇಳೋರು ಬೇರೆ ಅಂದಿದ್ರಿ. ತಂದವಳು ನಾನು. ಹೇಳಿ ಸರ್ ಅರ್ಥ! ಬರಲ್ವಾ? ನಾನೇ ಹೇಳ್ತೀನಿ.”

ಹೇಳಿದಳು. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ, ಒಂದೊಂದನ್ನೇ ಬಿಡಿಸಿ ಹೇಳಿದಳು. ಬಾಯಿ ಬಿಡದ ತಾಯಂದಿರ ಮಕ್ಕಳನ್ನೆಲ್ಲ ರೋಗಿಷ್ಠರನ್ನಾಗಿ ಮಾಡಿ, ಅದರ ಸರಾಸರಿ ತೆಗೆದು, ಅದರ ಮೇಲೆ ನರ್ಸುಗಳನ್ನು ಬೀದಿಗೆ ಹಾಕಿಸಿದ್ದೀರಿ ಅಂದಳು. ಸಭೆ ಮೊದಲು ಗುಸುಗುಟ್ಟಿತು, ಆಮೇಲೆ ಹೋ ಎಂದಿತು. ಹಿಂದಿನಿಂದ ಯಾರೋ “ಸರಾಸರಿ ಎಷ್ಟು ಸಾಹೇಬರೇ?” ಅಂತ ಕೂಗಿದರು. ಸಾಹೇಬರು ನೀರಿನ ಲೋಟಕ್ಕೆ ಕೈ ಚಾಚಿದರು, ಲೋಟ ಹೊಸ ಪುಸ್ತಕಗಳ ಮೇಲೆ ಮಗುಚಿಕೊಂಡಿತು. ಅಬ್ಬಾ, ಅಕ್ಕನಿಗೆ ಆಗ ಆದ ಸುಖ! ಮೈಯೆಲ್ಲ ತಣ್ಣಗಾಯಿತು. ಆ ಮೀಟಿಂಗಿನ ನಗು, ಆ ರದ್ದಿ, ಎಲ್ಲಕ್ಕೂ ಬಡ್ಡಿ ಸಮೇತ ವಸೂಲಾಯಿತು.

ತನ್ನ ಕೈಯೊಳಗಿದ್ದ ತಂಗಿಯ ಕೈ ಯಾವಾಗಲೋ ಜಾರಿಹೋಗಿದ್ದು ಅವಳಿಗೆ ಗೊತ್ತಾಗಲಿಲ್ಲ.

ಅಧ್ಯಕ್ಷೆ ಡಾಕ್ಟರಮ್ಮ ಗದ್ದಲ ನಿಲ್ಲಿಸಿ ಕೇಳಿದರು: “ಅಲ್ಲಮ್ಮ, ಇದನ್ನ ಕೋಣೆಗಳನ್ನ ಮುಚ್ಚೋಕೆ ಮುಂಚೆ ಯಾಕೆ ಹೇಳಲಿಲ್ಲ?”

“ನನ್ನನ್ನ ಯಾರು ಕೇಳಿದ್ರು ಮೇಡಂ?”

“ನಾನು ಕೇಳಿದ್ದೆ,” ಅಂದ ಅಳಿಯ. ಎದ್ದು ನಿಂತಿದ್ದ, ಮುಖ ಬಿಳಿಚಿಕೊಂಡಿತ್ತು. “ಫೋನ್ ಮಾಡಿ ಕೇಳಿದ್ದೆ ಅಕ್ಕ. ನಿಜವಾಗ್ಲೂ ಅಷ್ಟು ದಿನಾನೇ ಅಂದ್ರಿ.”

“ಶುದ್ಧ ಸುಳ್ಳು!” ಅಕ್ಕ ಸಭೆಯ ಕಡೆ ತಿರುಗಿದಳು. “ಸಿಕ್ಕಿಬಿದ್ದ ಮೇಲೆ ನನ್ನ ತಲೆ ಮೇಲೆ ಗೂಬೆ ಕೂರಿಸ್ತಿದ್ದಾನೆ ನೋಡಿ. ಯಾರು ಕೇಳಿಸಿಕೊಂಡಿದ್ರಪ್ಪ? ಸಾಕ್ಷಿ ಇದೆಯಾ?”

ಅಳಿಯ ಸುತ್ತ ನೋಡಿದ. ಅವನ ಬಳಿ ಏನೂ ಇರಲಿಲ್ಲ.

“ಇದೆ.”

ತಂಗಿ ಎದ್ದು ನಿಂತಿದ್ದಳು. ಅಕ್ಕನ ಕಡೆ ನೋಡದೆ ಅವಳ ಕೈಯಿಂದ ಮೈಕು ತೆಗೆದುಕೊಂಡಳು. ಜ್ವರ ಬಂದ ಮಗುವಿನ ಕೈಯಿಂದ ಏನನ್ನಾದರೂ ಬಿಡಿಸಿಕೊಳ್ಳುವಷ್ಟು ಮೆತ್ತಗೆ ತೆಗೆದುಕೊಂಡಳು.

“ನಾನು ಅಲ್ಲೇ ಇಸ್ತ್ರಿ ಮಾಡ್ತಾ ನಿಂತಿದ್ದೆ. ‘ತೊಂಬತ್ತೊಂಬತ್ತು ಅಂತ ಬರೆದಿದ್ರೆ ತೊಂಬತ್ತೊಂಬತ್ತೇ’ ಅಂದ್ರು ಇವರು. ಫೋನ್ ಇಟ್ಟು ನಕ್ಕರು.” ಅವಳ ದನಿ ಒಡೆಯಿತು. “ಏನಂತ ಗೊತ್ತಿಲ್ದೆ ನಾನೂ ನಕ್ಕೆ.”

“ಲೇ,” ಅಂದಳು ಅಕ್ಕ, “ನಿನಗೋಸ್ಕರಾನೇ ಕಣೇ ಇವತ್ತು...”

ತಂಗಿ ಮೈಕನ್ನು ಕುರ್ಚಿಯ ಮೇಲಿಟ್ಟು ಹೊರಗೆ ನಡೆದಳು. ಜನ ಕಾಲು ಸರಿಸಿ ದಾರಿ ಬಿಟ್ಟರು. ಅಕ್ಕ ಎರಡು ಸಲ ಅವಳನ್ನು ಕೂಗಿದಳು, ಅವಳು ತಿರುಗಲಿಲ್ಲ. ವೇದಿಕೆಯ ಮೇಲೆ ಸಾಹೇಬರು ಒದ್ದೆ ಪುಸ್ತಕವೊಂದನ್ನು ಕರವಸ್ತ್ರದಿಂದ ಒರೆಸತೊಡಗಿದ್ದರು. ಅವರನ್ನು ನೋಡುವವರು ಈಗ ಯಾರೂ ಇರಲಿಲ್ಲ, ಸಭೆಯೆಲ್ಲ ಅಕ್ಕನನ್ನೇ ನೋಡುತ್ತಿತ್ತು.